ಉಣುಗಿನ ಪಂಚಾಂಗ

ಮಳೆಗಾಲದಲ್ಲಿ ಕೆರೆಕಟ್ಟೆಯ ಹೆಸರು ಪತ್ರಿಕೆಗೆ ಬರುವುದು ಮಳೆಯ ಲೆಕ್ಕದ ಪಟ್ಟಿಯಲ್ಲಿ. ಶೃಂಗೇರಿ ತಾಲ್ಲೂಕಿನಲ್ಲಿ ನಿನ್ನೆ ಎಲ್ಲಿ ಜಾಸ್ತಿ ಸುರಿಯಿತು ಎಂದು ನೋಡಿದರೆ ಹೆಚ್ಚಾಗಿ ಕಿಗ್ಗಾ ಇಲ್ಲವೇ ಕೆರೆಕಟ್ಟೆ. ಆ ದಿನಗಳಲ್ಲಿ ಉಣುಗಿನ ವಿಷಯ ಕೇಳಿ ನನಗೆ ಯಾರೂ ಫೋನ್ ಮಾಡುವುದಿಲ್ಲ. ಇಂಬಳದ ಸುದ್ದಿಯಾದರೆ ಬೇರೆ. ಫೋನ್ ಶುರುವಾಗುವುದು ಸಂಕ್ರಾಂತಿಯ ಆಸುಪಾಸಿನಲ್ಲಿ, ಕೊಪ್ಪದಲ್ಲೋ ನರಸಿಂಹರಾಜಪುರದಲ್ಲೋ ಯಾರಿಗಾದರೂ ಜ್ವರ ಬಂದು, ರಕ್ತಪರೀಕ್ಷೆಯಲ್ಲಿ ಕೆಎಫ್‌ಡಿ, ಅಂದರೆ ಮಂಗನ ಕಾಯಿಲೆ ಎಂದು ಖಚಿತವಾದ ಮೇಲೆ. 2024 ಮತ್ತು 2025ರ ಬೇಸಿಗೆಗಳಲ್ಲಂತೂ ಶೃಂಗೇರಿಯೂ ಸೇರಿ ಈ ಮೂರು ತಾಲ್ಲೂಕುಗಳಿಂದ ಪ್ರಕರಣಗಳೂ ಸಾವುಗಳೂ ವರದಿಯಾದಾಗ ಕೇಳಿದವರು ಬಹಳ.

ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ನಮ್ಮ ದನದ ಕಿವಿಯಲ್ಲಿ ಕಚ್ಚಿಕೊಂಡಿರುವ ಉಣುಗಿನಿಂದ ಮಂಗನ ಕಾಯಿಲೆ ಬರುತ್ತದಾ? ನಾಯಿಯ ಮೈಮೇಲೆ ಇರುವುದು? ತೋಟಕ್ಕೆ ಬರುವ ಮಂಗಗಳನ್ನೆಲ್ಲ ಹಿಡಿಸಿ ದೂರ ಬಿಟ್ಟುಬಂದರೆ ರೋಗ ಹೋಗುವುದಿಲ್ಲವಾ? ಒಬ್ಬರು ಹಿರಿಯರು ಇನ್ನೂ ನೇರವಾಗಿ ಕೇಳಿದರು: "ಅಲ್ಲ ಮಾರಾಯ್ರೆ, ಚಿಕ್ಕಂದಿನಿಂದ ಉಣುಗು ಕಿತ್ತು ಬಿಸಾಕಿಕೊಂಡೇ ಬಂದಿದ್ದೇವೆ. ಆಗ ಇಲ್ಲದ ಕಾಯಿಲೆ ಈಗ ಎಲ್ಲಿಂದ ಬಂತು?"

ಇವೆಲ್ಲಕ್ಕೂ ಉತ್ತರ ಹೇಳಬೇಕಾದರೆ ಮೊದಲು ಯಾವ ಉಣುಗು, ಅದು ಯಾರ ರಕ್ತ ಕುಡಿಯುತ್ತದೆ, ಯಾವ ತಿಂಗಳಲ್ಲಿ ಕುಡಿಯುತ್ತದೆ ಎಂಬುದನ್ನು ಬಿಡಿಸಬೇಕು. ಅದಕ್ಕೆ ಮಳೆಗಾಲವೇ ಸರಿಯಾದ ಹೊತ್ತು. ಕಾರಣ ಮುಂದೆ ಹೇಳುತ್ತೇನೆ.

ಉಣುಗು ಹುಳ ಅನ್ನಿಸಿದರೂ ಕೀಟಗಳ ಗುಂಪಿನದಲ್ಲ. ಜೇಡ, ಚೇಳುಗಳ ಬಂಧು ಅದು. ಬೆಳೆದದ್ದಕ್ಕೆ ಎಂಟು ಕಾಲು. ರೆಕ್ಕೆಯಿಲ್ಲ, ಹಾರುವುದಿಲ್ಲ, ನೆಗೆಯುವುದೂ ಇಲ್ಲ. ಮರದಿಂದ ಉದುರಿ ತಲೆಗೆ ಬೀಳುತ್ತದೆ ಎಂಬುದು ನಮ್ಮ ಕಲ್ಪನೆ. ಅದು ಇರುವುದು ಕಾಲಬುಡದಲ್ಲಿ, ತರಗೆಲೆಯಲ್ಲಿ, ಗಿಡ್ಡ ಗಿಡಗಳ ತುದಿಯಲ್ಲಿ. ಲೋಕದ ಉಣುಗುಗಳನ್ನು ವಿಜ್ಞಾನಿಗಳು ಮುಖ್ಯವಾಗಿ ಎರಡು ದೊಡ್ಡ ಕುಟುಂಬಗಳಾಗಿ ಹಂಚಿದ್ದಾರೆ. ಬೆನ್ನ ಮೇಲೆ ಗಟ್ಟಿ ಫಲಕವಿರುವ ಇಕ್ಸೊಡಿಡೆ, ಅಂದರೆ ಗಡಸು ಉಣುಗುಗಳು ಒಂದು ಕಡೆ. ಫಲಕವಿಲ್ಲದ, ಚರ್ಮ ಸುಕ್ಕುಸುಕ್ಕಾದ ಅರ್ಗಾಸಿಡೆ ಎಂಬ ಮೆದು ಉಣುಗುಗಳು ಇನ್ನೊಂದು ಕಡೆ. ಆಫ್ರಿಕದ ಒಂದೇ ಒಂದು ಜಾತಿ ಎರಡಕ್ಕೂ ಸೇರದೆ ಮೂರನೆಯ ಕುಟುಂಬವಾಗಿ ಒಂಟಿಯಾಗಿ ನಿಂತಿದೆ. ನಮ್ಮ ಕಾಡಿನಲ್ಲಿ ಕಾಲಿಗೆ ಹತ್ತುವವೆಲ್ಲ ಗಡಸು ಜಾತಿಯವೇ. ಹೆಣ್ಣಿನ ಫಲಕ ಬೆನ್ನಿನ ಮುಂಭಾಗವನ್ನಷ್ಟೇ ಮುಚ್ಚಿರುತ್ತದೆ, ಹಾಗಾಗಿ ಅದು ರಕ್ತ ಕುಡಿದು ಹಲವು ಪಟ್ಟು ಉಬ್ಬಬಲ್ಲದು. ಗಂಡಿನ ಬೆನ್ನಿಡೀ ಫಲಕ. ಉಬ್ಬಲು ಜಾಗವೇ ಇಲ್ಲ.

ಈ ಗಡಸು ಉಣುಗುಗಳಲ್ಲಿ ಹೆಮಾಫೈಸಾಲಿಸ್ ಎಂಬುದು ಒಂದು ದೊಡ್ಡ ಕುಲ. ಸುಮಾರು 170 ಜಾತಿಗಳು, ಹೆಚ್ಚಿನವು ಏಷ್ಯಾದವು. ಇವುಗಳಿಗೆ ಕಣ್ಣಿಲ್ಲ. ಮುಂಗಾಲಿನ ತುದಿಯಲ್ಲಿರುವ ಒಂದು ಗುಳಿಯೇ ಮೂಗು. ಉಸಿರಿನಿಂದ ಬರುವ ಇಂಗಾಲದ ಡೈಆಕ್ಸೈಡು, ಮೈಯ ಬಿಸಿ, ವಾಸನೆ ಎಲ್ಲವನ್ನೂ ಅದರಿಂದಲೇ ಹಿಡಿಯುತ್ತವೆ. ನಮ್ಮ ಕತೆಯ ನಾಯಕಿ ಈ ಕುಲದ ಹೆಮಾಫೈಸಾಲಿಸ್ ಸ್ಪಿನಿಜೆರಾ. ಹೆಸರಿನ ಅರ್ಥ ಮುಳ್ಳುಳ್ಳದ್ದು. ಗಂಡಿನ ಕಾಲಬುಡದಲ್ಲಿ ಉದ್ದನೆಯ ಮುಳ್ಳುಗಳಿವೆ. ಅದನ್ನು ವಿವರಿಸಿ ಹೆಸರಿಟ್ಟವರು ಫ್ರಾನ್ಸಿನ ತುಲೂಸಿನ ಪಶುವೈದ್ಯ ವಿಜ್ಞಾನಿ ಲೂಯಿ ಜಾರ್ಜ್ ನಾಯ್ಮನ್, 1897ರಲ್ಲಿ. ಅದೇ ವರ್ಷ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡದ್ದು. ಸೊಳ್ಳೆ ಒಡನೆಯೇ ಲೋಕಪ್ರಸಿದ್ಧವಾಯಿತು. ಸ್ಪಿನಿಜೆರಾ ಮಾತ್ರ ಅರವತ್ತು ವರ್ಷ ಮ್ಯೂಸಿಯಮ್ಮುಗಳ ಸೀಸೆಯಲ್ಲಿ, ಪಟ್ಟಿಯಲ್ಲೊಂದು ಹೆಸರಾಗಿ ಉಳಿಯಿತು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು. ಜೊತೆಗೆ ಜನ ಜ್ವರದಿಂದ ಮಲಗಿದರು. ಆ ವರ್ಷ ದಾಖಲಾದ ಪ್ರಕರಣಗಳು 466. ಮಂಗವೂ ಸತ್ತು ಮನುಷ್ಯನೂ ಸತ್ತರೆ ಆಫ್ರಿಕ ಮತ್ತು ದಕ್ಷಿಣ ಅಮೆರಿಕದಲ್ಲಿ ಸೊಳ್ಳೆಯಿಂದ ಹರಡುವ ಹಳದಿ ಜ್ವರ ಇಂಡಿಯಾಕ್ಕೂ ಬಂತೇ ಎಂಬ ಗಾಬರಿ ಸಹಜವೇ. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ತಂಡ ಬಂದು ನೋಡಿದಾಗ ಸಿಕ್ಕಿದ ವೈರಸ್ ಹಳದಿ ಜ್ವರದ್ದಾಗಿರಲಿಲ್ಲ. ಅದು ಸೈಬೀರಿಯದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್‌ನ ನೆಂಟ. ಸೊಳ್ಳೆಯನ್ನು ಹುಡುಕಿಕೊಂಡು ಬಂದವರು ಉಣುಗನ್ನು ಹಿಡಿಯಬೇಕಾಯಿತು. ಸೈಬೀರಿಯದ ಸಂಬಂಧ ಎಂದಕೂಡಲೇ ವಲಸೆ ಹಕ್ಕಿಗಳ ಮೇಲೂ ಅನುಮಾನ ಬಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಕೈಗೆತ್ತಿಕೊಂಡದ್ದಕ್ಕೆ ಇದೂ ಒಂದು ಕಾರಣ. ಹಕ್ಕಿಗಳ ಮೇಲಿನ ಆರೋಪ ರುಜುವಾತಾಗಲಿಲ್ಲ. ಆದರೆ ಇಂಡಿಯಾದ ಹಕ್ಕಿ ವಲಸೆಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಒಂದು ಪಾಲು ಈ ಕಾಯಿಲೆಯ ಕೃಪೆ.

ಸಾಗರದಲ್ಲಿ ಕ್ಷೇತ್ರ ಕೇಂದ್ರ ಮಾಡಿಕೊಂಡು ಈ ತಂಡ ವರ್ಷಗಟ್ಟಲೆ ಕಾಡಿನಲ್ಲಿ ಉಣುಗು ಹಿಡಿಯಿತು. ವಿಧಾನ ಸರಳ, ಇವತ್ತಿಗೂ ಅದೇ. ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ನೆಲದ ಮೇಲೆ ಎಳೆದುಕೊಂಡು ಹೋಗುವುದು, ಅಂಟಿಕೊಂಡದ್ದನ್ನು ಚಿಮುಟದಿಂದ ತೆಗೆದು ಸೀಸೆಗೆ ಹಾಕುವುದು. ಆರೋಗ್ಯ ಇಲಾಖೆಯವರು ಹಾಗೆ ಬಟ್ಟೆ ಎಳೆಯುವುದನ್ನು ನೋಡಿದ್ದೇನೆ. ನಮ್ಮ ಕಣ್ಣಿಗೆ ಏನೂ ಇಲ್ಲದ ದಾರಿಯಂಚಿನಿಂದ ಬಟ್ಟೆಯ ಮೇಲೆ ಚುಕ್ಕಿಗಳು ಏಳುತ್ತವೆ, ಆಮೇಲೆ ಆ ಚುಕ್ಕಿಗಳು ನಡೆಯತೊಡಗುತ್ತವೆ. ಆ ಕಾಲದ ಹುಡುಕಾಟದಲ್ಲಿ ವಿಜ್ಞಾನಕ್ಕೇ ಹೊಸದಾದ ಉಣುಗೂ ಸಿಕ್ಕಿತು. ಟ್ರಾಪಿಡೊ, ಕೈರೋದಲ್ಲಿದ್ದ ಉಣುಗು ತಜ್ಞ ಹ್ಯಾರಿ ಹೂಗ್‌ಸ್ಟ್ರಾಲ್ ಮತ್ತು ನಮ್ಮ ಪಿ.ಕೆ. ರಾಜಗೋಪಾಲನ್ ಸೇರಿ 1964ರಲ್ಲಿ ಒಂದಕ್ಕೆ ಹೆಮಾಫೈಸಾಲಿಸ್ ಕ್ಯಾಸನೂರೆನ್ಸಿಸ್ ಎಂದು ಹೆಸರಿಟ್ಟರು. ಸೊರಬದ ಒಂದು ಹಳ್ಳಿ ಹೀಗೆ ವೈರಸ್‌ನಲ್ಲೂ ಇದೆ, ಉಣುಗಿನಲ್ಲೂ ಇದೆ. ಊರಿನವರಿಗೆ ಅದರಿಂದ ಸಂತೋಷವೇನೂ ಆಗಿರಲಾರದು.

ವೈರಸ್ ಸಿಕ್ಕಿದ್ದು ಹತ್ತಕ್ಕೂ ಹೆಚ್ಚು ಜಾತಿಯ ಉಣುಗುಗಳಲ್ಲಿ. ಆದರೆ ಮನುಷ್ಯನ ಮಟ್ಟಿಗೆ ಮುಖ್ಯ ಅಪರಾಧಿ ಸ್ಪಿನಿಜೆರಾ. ಅದರ ಹಿಂದೆ ಟರ್ಟುರಿಸ್ ಎಂಬ ಅದೇ ಕುಲದ ಇನ್ನೊಂದು. ಉಳಿದವುಗಳಲ್ಲಿ ಹಲವು ಇಲಿ, ಹಕ್ಕಿ, ಹಾರುಬೆಕ್ಕಿನಂಥ ತಮ್ಮ ತಮ್ಮ ಪ್ರಾಣಿಗಳಿಗೆ ಅಂಟಿಕೊಂಡು, ಕಾಡಿನೊಳಗೆ ವೈರಸ್ಸನ್ನು ಸದ್ದಿಲ್ಲದೆ ಉಳಿಸಿಕೊಂಡು ಬರುತ್ತವೆ. ನಮ್ಮ ತಂಟೆಗೆ ಅಷ್ಟಾಗಿ ಬರುವುದಿಲ್ಲ. ಸ್ಪಿನಿಜೆರಾ ಬರುತ್ತದೆ. ಹೇಗೆ ಬರುತ್ತದೆ ಎನ್ನುವುದೇ ಇಡೀ ವಿಷಯದ ತಿರುಳು.

ಅದಕ್ಕೆ ಜೀವಮಾನದಲ್ಲಿ ಮೂರು ಊಟ. ಮೊಟ್ಟೆಯೊಡೆದು ಬಂದ ಮರಿಗೆ ಆರು ಕಾಲು. ಅದು ಒಂದು ಪ್ರಾಣಿಯ ಮೇಲೆ ಹತ್ತಿ, ಕೆಲವು ದಿನ ಕುಡಿದು, ಉದುರಿ, ನೆಲದಲ್ಲಿ ಪೊರೆ ಕಳಚುತ್ತದೆ. ಆಗ ಎಂಟು ಕಾಲಿನ ಎಳೆಯ ಉಣುಗಾಗುತ್ತದೆ. ಪುಸ್ತಕದಲ್ಲಿ ಇದನ್ನು ನಿಂಫ್ ಎನ್ನುತ್ತಾರೆ. ಅದು ಎರಡನೆಯ ಪ್ರಾಣಿಯನ್ನು ಹಿಡಿದು, ಕುಡಿದು, ಉದುರಿ, ಮತ್ತೆ ಪೊರೆ ಕಳಚಿ ಬೆಳೆದ ಉಣುಗಾಗುತ್ತದೆ. ಬೆಳೆದದ್ದು ಮೂರನೆಯ ಪ್ರಾಣಿಯನ್ನು ಹತ್ತುತ್ತದೆ. ಹೆಣ್ಣು ಹೊಟ್ಟೆ ತುಂಬಾ ಕುಡಿದು ಉದುರಿ, ಎಲೆಯಡಿ ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಮೂರು ಊಟಕ್ಕೆ ಮೂರು ಬೇರೆ ಮನೆ.

ಯಾವ ಊಟ ಯಾರ ಮನೆಯಲ್ಲಿ ಎಂದು ನೋಡಿ. ಬೆಳೆದ ಸ್ಪಿನಿಜೆರಾಗೆ ದೊಡ್ಡ ಪ್ರಾಣಿ ಬೇಕು. ಕಾಟಿ, ಕಡವೆ, ಹುಲಿ, ಚಿರತೆ, ಕರಡಿ. ಊರಿನ ಅಂಚಿನಲ್ಲಾದರೆ ದನ, ಎಮ್ಮೆ. ಮನುಷ್ಯನನ್ನು ಅದು ಸಾಮಾನ್ಯವಾಗಿ ಲೆಕ್ಕಕ್ಕಿಡುವುದಿಲ್ಲ. ಮರಿ ಮತ್ತು ಎಳೆಯದಕ್ಕೆ ಹೀಗೇ ಎಂಬ ಹಟವಿಲ್ಲ. ಕಾಡಿಲಿ, ಸೊಂಡಿಲಿ, ಅಳಿಲು, ಮುಳ್ಳುಹಂದಿ, ನೆಲದಲ್ಲಿ ಕೆದಕುವ ಕಾಡುಕೋಳಿ, ಮಂಗ, ಮುಸಿಯ. ಈ ಪಟ್ಟಿಯಲ್ಲಿ ನಾವೂ ಇದ್ದೇವೆ. ಮನುಷ್ಯನಿಗೆ ಕಚ್ಚಿ ರೋಗ ಕೊಡುವುದು ಬಹುತೇಕ ಆ ನಡುವಿನ ಹಂತದ ಎಳೆಯ ಉಣುಗು. ಗಾತ್ರ ಎಳ್ಳಿನ ಕಾಳಿಗಿಂತ ಸಣ್ಣದು. ಕಚ್ಚಿದ್ದು ಅನೇಕರಿಗೆ ತಿಳಿಯುವುದೇ ಇಲ್ಲ.

ಈಗ ದನದ ಕಿವಿಯ ಪ್ರಶ್ನೆಗೆ ಬರೋಣ. ಕೊಟ್ಟಿಗೆಯಲ್ಲಿ ವರ್ಷವಿಡೀ ಕಾಣುವ, ಕಿವಿ ಕೆಚ್ಚಲುಗಳಲ್ಲಿ ಬೂದು ಬಣ್ಣಕ್ಕೆ ಉಬ್ಬಿ ನಿಂತ ಉಣುಗು ಹೆಚ್ಚಾಗಿ ಬೇರೆಯೇ ಕುಲದ್ದು, ರಿಪಿಸೆಫಾಲಸ್ ಮೈಕ್ರೊಪ್ಲಸ್. ಅದಕ್ಕೆ ಒಂದೇ ಮನೆ. ಮರಿಯಾಗಿ ದನ ಹತ್ತಿದರೆ ಅಲ್ಲೇ ಬೆಳೆದು, ಅಲ್ಲೇ ಕೂಡಿ, ಮೊಟ್ಟೆಯಿಡಲು ಮಾತ್ರ ಕೆಳಗಿಳಿಯುತ್ತದೆ. ದನಕ್ಕೆ ಅದರಿಂದ ಬೇರೆ ರೋಗಗಳಿವೆ, ಮಂಗನ ಕಾಯಿಲೆಯಲ್ಲ. ನಾಯಿಯ ಬೆರಳ ಸಂದಿಯ ಕಂದು ಉಣುಗು ಇನ್ನೊಂದು ಜಾತಿ. ಅದರ ಮೂರು ಊಟವೂ ನಾಯಿಗಳ ಮೇಲೆಯೇ. ನಮ್ಮ ಹಿರಿಯರು ಗೆರಟೆಯಲ್ಲಿ ಸೀಮೆಎಣ್ಣೆ ಇಟ್ಟುಕೊಂಡು ದನದ ಮೈಯಿಂದ ಕಿತ್ತು ಹಾಕುತ್ತಿದ್ದ ಉಣುಗುಗಳಲ್ಲಿ ಹೆಚ್ಚಿನವು ಇಂಥವೇ ಇದ್ದಿರಬೇಕು. ಫೋನಿನಲ್ಲಿ ಕೇಳಿದ ಹಿರಿಯರಿಗೆ ನಾನು ಕೊಟ್ಟ ಉತ್ತರದ ಅರ್ಧ ಭಾಗ ಇದು. ಆದರೆ ಮಳೆಗಾಲದಲ್ಲಿ ಕಾಡು ಮೇಯ್ದು ಬಂದ ದನದ ಮೇಲೆ ಇವುಗಳ ಜೊತೆ ಸ್ಪಿನಿಜೆರಾದ ಹೆಣ್ಣೂ ಸೇರಿಕೊಂಡಿರುತ್ತದೆ. ಬರಿಗಣ್ಣಿಗೆ ವ್ಯತ್ಯಾಸ ಹೇಳುವುದು ಕಷ್ಟ. ಅದು ಆ ಹೊತ್ತಿನಲ್ಲಿ ನಿಮ್ಮನ್ನು ಕಚ್ಚುವುದಿಲ್ಲ. ಕೊಟ್ಟಿಗೆಯ ಹಿಂದೆಯೋ, ತೋಟದ ದಾರಿಯಲ್ಲೋ, ಸೊಪ್ಪಿನ ಬೆಟ್ಟದಲ್ಲೋ ಉದುರಿ ಮೊಟ್ಟೆಯಿಡುತ್ತದೆ. ಬಿಲ್ಲು ಬರುವುದು ಜನವರಿಯಲ್ಲಿ.

ಮೊಟ್ಟೆಯ ಬಗ್ಗೆ ಒಂದು ಮುಖ್ಯ ಸಂಗತಿ ಇದೆ. ಸ್ಪಿನಿಜೆರಾದ ತಾಯಿಯಿಂದ ಮೊಟ್ಟೆಗೆ ವೈರಸ್ ದಾಟುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಒಂದು ಹಂತದಿಂದ ಮುಂದಿನ ಹಂತಕ್ಕೆ, ಮರಿಯಿಂದ ಎಳೆಯದಕ್ಕೆ, ಚೆನ್ನಾಗಿ ದಾಟುತ್ತದೆ. ಹಾಗಾಗಿ ಮೊಟ್ಟೆಯೊಡೆದ ಮರಿ ಹೆಚ್ಚಾಗಿ ಶುದ್ಧವಾಗಿಯೇ ಹುಟ್ಟುತ್ತದೆ. ಮೊದಲ ಊಟ ಸೋಂಕಿರುವ ಇಲಿಯದ್ದೋ ಮಂಗದ್ದೋ ಆದರೆ ಮಾತ್ರ ವಿಷ ತುಂಬಿಕೊಳ್ಳುತ್ತದೆ, ಎರಡನೆಯ ಊಟದಲ್ಲಿ ಹಂಚುತ್ತದೆ. ಇಲ್ಲಿ ಮಂಗದ ಪಾತ್ರ ಬರುತ್ತದೆ. ಮಂಗದ ರಕ್ತದಲ್ಲಿ ಈ ವೈರಸ್ ಸಿಕ್ಕಾಪಟ್ಟೆ ಬೆಳೆಯುತ್ತದೆ. ಜ್ವರ ಬಂದ ಮಂಗ ಒಂದೇ ಕಡೆ ಕುಳಿತಿರುತ್ತದೆ, ಅದರ ಮೈಮೇಲೆ ನೂರಾರು ಮರಿಗಳು ಕುಡಿಯುತ್ತಿರುತ್ತವೆ. ಮಂಗ ಸತ್ತು ಬಿದ್ದ ಕೂಡಲೇ ಅವೆಲ್ಲ ಅಲ್ಲೇ ಇಳಿಯುತ್ತವೆ. ಸತ್ತ ಜಾಗ ಕೆಲವು ವಾರಗಳ ಮೇಲೆ ವೈರಸ್ ತುಂಬಿದ ಎಳೆಯ ಉಣುಗುಗಳ ಗೂಡಾಗುತ್ತದೆ. ಮಂಗ ಸತ್ತರೆ ತಿಳಿಸಿ ಎಂದು ಇಲಾಖೆಗಳು ಬೇಡಿಕೊಳ್ಳುವುದು, ಸುತ್ತ ಮೆಲಾಥಿಯಾನ್ ಪುಡಿ ಚೆಲ್ಲುವುದು ಈ ಕಾರಣಕ್ಕೆ. ಬದುಕಿರುವ ಮಂಗಗಳನ್ನು ಲಾರಿಯಲ್ಲಿ ತುಂಬಿ ಇನ್ನೊಂದು ಕಾಡಿಗೆ ಬಿಟ್ಟು ಬರುವುದಿದೆಯಲ್ಲ, ಅದರಿಂದ ಬಾಳೆಗೊನೆ ಉಳಿಯಬಹುದು. ರೋಗದ ದೃಷ್ಟಿಯಿಂದ ಅದು ಸೋಂಕನ್ನೋ ಸೋಂಕಿಲ್ಲದ ಹೊಸ ಮಂಗಗಳನ್ನೋ ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸುವ ಕೆಲಸ. ಕಾಯಿಲೆಯಿಂದ ನಮಗಿಂತ ಹೆಚ್ಚು ಸಾಯುತ್ತಿರುವವೂ ಅವೇ.

ಈಗ ತಿಂಗಳುಗಳ ಲೆಕ್ಕ. ಮುಂಗಾರು ಹಿಡಿದು ಕಾಡಿನ ನೆಲ ಒದ್ದೆಯಾದ ಮೇಲೆ ಬೆಳೆದ ಉಣುಗುಗಳು ಏಳುತ್ತವೆ. ಜೂನ್, ಜುಲೈ, ಆಗಸ್ಟ್ ಅವುಗಳ ಕಾಲ. ಮಳೆ ಇಳಿಮುಖವಾದಾಗ ಮೊಟ್ಟೆಯೊಡೆದು, ನವರಾತ್ರಿಯಿಂದ ದೀಪಾವಳಿಯ ಆಚೆಗೂ ಮರಿಗಳ ಕಾಲ. ನವೆಂಬರಿನಿಂದ ಎಳೆಯವು ಕಾಣಿಸಿಕೊಂಡು, ಜನವರಿಯಿಂದ ಏಪ್ರಿಲಿನವರೆಗೆ ತುಂಬಿ, ಮೇ ಹೊತ್ತಿಗೆ ಇಳಿಯುತ್ತವೆ. ನಮ್ಮ ಪಂಚಾಂಗವನ್ನು ಇದರ ಪಕ್ಕದಲ್ಲಿ ಇಡಿ. ಜೂನಿನಿಂದ ಆಗಸ್ಟಿನವರೆಗೆ ನಾವು ಗದ್ದೆಯಲ್ಲಿ, ತೋಟದ ಕೊಳೆರೋಗಕ್ಕೆ ಔಷಧಿ ಹೊಡೆಯುವುದರಲ್ಲಿ. ಬೆಟ್ಟಕ್ಕೆ ಹೋಗುವುದು ದನ. ಡಿಸೆಂಬರಿನಿಂದ ಕಾಫಿ ಕೊಯ್ಲು, ಅಡಿಕೆ ಕೊನೆ, ಆಮೇಲೆ ದರಗು ಗುಡಿಸುವುದು, ಸೊಪ್ಪು ಕಡಿಯುವುದು, ಮಳೆಗಾಲಕ್ಕೆ ಸೌದೆ ಕೂಡಿಹಾಕುವುದು. ಎಳೆಯ ಉಣುಗು ಎಲೆಯ ತುದಿಯಲ್ಲಿ ಕಾಲು ಚಾಚಿ ಕಾಯುವ ತಿಂಗಳುಗಳಲ್ಲೇ ಮಲೆನಾಡಿನ ಮನುಷ್ಯ ಎಲೆಗೆ ಕೈ ಹಾಕುತ್ತಾನೆ. ದರಗಿನ ಹೊರೆ ತಲೆಯ ಮೇಲೆ ಮನೆಗೆ ಬಂದು, ಕೊಟ್ಟಿಗೆಗೆ ಹಾಸಿಗೆಯಾಗುತ್ತದೆ. ಹೆಚ್ಚಿನ ಮನೆಗಳಲ್ಲಿ ಈ ಕೆಲಸ ಹೆಂಗಸರದ್ದು. ಹೊರಗಿನಿಂದ ಕಾಫಿ ತೋಟಕ್ಕೆ ಬರುವ ಕೂಲಿಯಾಳುಗಳಿಗಂತೂ ಈ ಕಾಯಿಲೆಯ ಹೆಸರೇ ಗೊತ್ತಿರುವುದಿಲ್ಲ.

ಹಿರಿಯರ ಪ್ರಶ್ನೆಯ ಉಳಿದರ್ಧ ಇನ್ನೂ ಬಾಕಿ ಇದೆ: ಆಗ ಇಲ್ಲದ್ದು ಈಗ ಎಲ್ಲಿಂದ ಬಂತು? ಇದಕ್ಕೆ ನನಗೆ ಒಪ್ಪಿಗೆಯಾಗುವ ಉತ್ತರವನ್ನು ಕೊಟ್ಟವರು ಕೊಲಂಬಿಯಾದ ಹಳದಿ ಜ್ವರ ತಜ್ಞ ಹೋರ್ಹೆ ಬೊಶೆಲ್. ಅವರು ಇಲ್ಲಿ ಕೆಲಸ ಮಾಡಿ 1969ರಲ್ಲಿ ಬರೆದ ವಾದ ಹೀಗಿದೆ. ವೈರಸ್ ಹೊರಗಿನಿಂದ ಬಂದದ್ದಲ್ಲ, ಕಾಡಿನ ಸಣ್ಣ ಪ್ರಾಣಿಗಳು ಮತ್ತು ಉಣುಗುಗಳ ನಡುವೆ ಹಿಂದಿನಿಂದಲೂ ಇತ್ತು. ಜನಸಂಖ್ಯೆ ಹೆಚ್ಚಿ, ಕಾಡು ಕಡಿದು, ಊರು ಕಾಡಿನೊಳಗೆ ಚಾಚಿಕೊಂಡು, ದನಗಳನ್ನು ಕಾಡಂಚಿಗೆ ಮೇಯಲು ಬಿಟ್ಟಾಗ ಬೆಳೆದ ಸ್ಪಿನಿಜೆರಾಗೆ ಹಿಂದೆಂದೂ ಸಿಗದಷ್ಟು ಊಟ ಸಿಕ್ಕಿತು. ಕಡವೆ, ಕಾಟಿ ವಿರಳವಾಗಿದ್ದಲ್ಲಿ ಉಣುಗು ವಿರಳ. ಹಿಂಡುಗಟ್ಟಲೆ ದನ ಮೇಯುವಲ್ಲಿ ಉಣುಗೂ ಹಿಂಡುಗಟ್ಟಲೆ. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ಅದರ ರಕ್ತದಲ್ಲಿ ವೈರಸ್ ಬೇರೆ ಉಣುಗಿಗೆ ಅಂಟುವಷ್ಟು ಬೆಳೆಯುವುದೂ ಇಲ್ಲ. ಅದು ಉಣುಗಿನ ಸಂಸಾರ ಸಾಕುತ್ತದೆ, ಅಷ್ಟೇ. ಎಂಬತ್ತರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಸುತ್ತ ಗೇರು ತೋಟಕ್ಕಾಗಿ ನಿತ್ಯಹಸಿರು ಕಾಡು ಕಡಿದ ಬೆನ್ನಿಗೆ ಕಾಯಿಲೆ ಎದ್ದು, ಈ ರೋಗದ ಚರಿತ್ರೆಯಲ್ಲೇ ದೊಡ್ಡ ಹಾವಳಿಗಳಲ್ಲಿ ಒಂದಾಯಿತು. ನಿಡ್ಲೆ ನಮಗೆ ದೂರವೇನಲ್ಲ. ಘಟ್ಟದ ಆಚೆ ಮಗ್ಗುಲು.

ಕಾಡು ಕಡಿದದ್ದೇ ಕಾರಣ ಎಂದು ಒಂದೇ ಮಾತಿನಲ್ಲಿ ಮುಗಿಸುವವರ ಜೊತೆ ನನಗೆ ಸ್ವಲ್ಪ ತಕರಾರಿದೆ. ಶಿವಮೊಗ್ಗ ಜಿಲ್ಲೆಯ ಪ್ರಕರಣಗಳನ್ನು ನಕ್ಷೆಯ ಮೇಲಿಟ್ಟು 2020ರಲ್ಲಿ ಪ್ರಕಟಿಸಿದ ಅಧ್ಯಯನ ಕಂಡುಕೊಂಡದ್ದು ಹೆಚ್ಚು ಸೂಕ್ಷ್ಮವಾದದ್ದು: ಒದ್ದೆ ನಿತ್ಯಹಸಿರು ಕಾಡೂ ತೋಟಗಳೂ ಹೆಣೆದುಕೊಂಡಿರುವ, ನಾಟಿ ದನ ಹೆಚ್ಚಿರುವ ಕಡೆ ಅಪಾಯ ಜಾಸ್ತಿ, ಒಣ ಎಲೆಯುದುರುವ ಕಾಡು ಹೆಚ್ಚಿರುವಲ್ಲಿ ಕಡಿಮೆ. ಆ ವರ್ಣನೆಯನ್ನು ಕೈಯಲ್ಲಿ ಹಿಡಿದು ಕೆರೆಕಟ್ಟೆಯಿಂದ ನೆಮ್ಮಾರು, ಶೃಂಗೇರಿ, ಕೊಪ್ಪದ ಕಡೆಗೆ ಬಂದರೆ ಕಿಟಕಿಯಾಚೆ ಕಾಣುವುದೆಲ್ಲ ಅದೇ. ಒಂದು ಕಡೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು, ಇನ್ನೊಂದು ಕಡೆ ತುಂಗೆಯ ಪಕ್ಕದ ಗದ್ದೆ, ಅಡಿಕೆ ತೋಟ, ಅದಕ್ಕೆ ಹೊಂದಿದ ಸೊಪ್ಪಿನ ಬೆಟ್ಟ, ಮೇಲೆ ಕಾಫಿ. ಕಾಡು ಎಲ್ಲಿ ಮುಗಿಯಿತು, ತೋಟ ಎಲ್ಲಿ ಶುರುವಾಯಿತು ಎಂದು ಬೇಲಿ ನೋಡಿಯೇ ಹೇಳಬೇಕು. ದನ ಕಟ್ಟಿ ಸಾಕುವ ಮನೆಗಳು ಹೆಚ್ಚಿ, ಮಲೆನಾಡು ಗಿಡ್ಡ ತಳಿಯ ಹಿಂಡುಗಳು ಕರಗುತ್ತಿರುವುದು ನಿಜ. ಆದರೆ ತೋಟದೊಳಗೆ ಕಾಟಿ ಕಾಣುವುದು ಈಗ ಸುದ್ದಿಯಲ್ಲ. ದನ ಬಿಟ್ಟ ಊಟದ ಎಲೆಗೆ ಕಾಟಿ ಬಂದು ಕುಳಿತಿರಬಹುದು ಎಂಬುದು ನನ್ನ ಗುಮಾನಿ; ಅಳೆದು ನೋಡಬೇಕಾದ ಸಂಗತಿ ಅದು.

ಉಣುಗಿನ ನಕ್ಷೆ ರೋಗದ ನಕ್ಷೆಗಿಂತ ಬಹಳ ದೊಡ್ಡದು. ಸ್ಪಿನಿಜೆರಾ ದಕ್ಷಿಣ ಮತ್ತು ಮಧ್ಯ ಇಂಡಿಯಾದ ಕಾಡುಗಳಲ್ಲಿದೆ, ಶ್ರೀಲಂಕಾದಲ್ಲಿದೆ, ನೇಪಾಳದಲ್ಲಿ, ವಿಯೆಟ್ನಾಂ, ಕಾಂಬೋಡಿಯಾಗಳಲ್ಲೂ ಇದೆ. ಶ್ರೀಲಂಕಾದಲ್ಲಿ ಮಂಗಗಳಿಗೂ ಕೊರತೆಯಿಲ್ಲ. ಆದರೂ ಮನುಷ್ಯರಲ್ಲಿ ಈ ಕಾಯಿಲೆ ಎದ್ದದ್ದು ಪಶ್ಚಿಮ ಘಟ್ಟದ ಪಟ್ಟಿಯಲ್ಲೇ. ಬಹುಕಾಲ ಶಿವಮೊಗ್ಗ ಮತ್ತು ನೆರೆಯ ಜಿಲ್ಲೆಗಳ ರೋಗವಾಗಿದ್ದದ್ದು 2012ರ ಕೊನೆಯಲ್ಲಿ ಬಂಡೀಪುರದಲ್ಲಿ, ಸತ್ತ ಮಂಗಗಳನ್ನು ವಿಲೇವಾರಿ ಮಾಡಿದ ಅರಣ್ಯ ಸಿಬ್ಬಂದಿಗೆ ಬಂತು. ಆಮೇಲೆ ವಯನಾಡು, ನೀಲಗಿರಿ, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ. ಐದು ರಾಜ್ಯಗಳಾದವು. ಈ ಪಟ್ಟಿ ನೋಡಿ ರೋಗ ಬಸ್ಸು ಹತ್ತಿ ಹೋದಂತೆ ಕಾಣುತ್ತದೆ. ಅಲ್ಲೆಲ್ಲ ಉಣುಗು ಮೊದಲೇ ಇತ್ತು; ವೈರಸ್ ಕೂಡ ಕೆಲವು ಕಡೆ ಮೊದಲೇ ಇದ್ದು, ಪರೀಕ್ಷೆ ಮಾಡುವವರು ತಡವಾಗಿ ತಲುಪಿರುವ ಸಾಧ್ಯತೆಯೇ ನನಗೆ ಹೆಚ್ಚಾಗಿ ಕಾಣುತ್ತದೆ. ಇನ್ನೊಂದು ವಿಚಿತ್ರ: ತೊಂಬತ್ತರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ವೈರಸ್‌ನ ತೀರಾ ಹತ್ತಿರದ ಬಳಗ ಸಿಕ್ಕಿತು. ಅಲ್ಲಿ ಮಂಗನ ಕಾಡಿಲ್ಲ, ಸ್ಪಿನಿಜೆರಾ ಇಲ್ಲ. ಒಂಟೆ, ಕುರಿ ಮತ್ತು ಮರಳಿನ ಮೆದು ಉಣುಗು.

ಇದನ್ನೆಲ್ಲ ಮಳೆಗಾಲದಲ್ಲಿ ಹೇಳುತ್ತಿರುವ ಕಾರಣಕ್ಕೆ ಬರುತ್ತೇನೆ. ನಮ್ಮ ಎಚ್ಚರದ ವ್ಯವಸ್ಥೆ ಪೂರ್ತಿ ನಿಂತಿರುವುದು ಎಳೆಯ ಉಣುಗಿನ ತಿಂಗಳುಗಳ ಮೇಲೆ. ಜನವರಿಯಲ್ಲಿ ಕರಪತ್ರ, ಡೇಪಾ ತೈಲ ಹಂಚಿಕೆ, ಮೆಲಾಥಿಯಾನ್. ಅವು ಬೇಡವೆಂದು ಹೇಳುತ್ತಿಲ್ಲ. ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು ಹೋದವರಿಗೆ ಉಣುಗು ಹತ್ತುವುದು ಕಡಿಮೆ. ಹಚ್ಚಿಕೊಳ್ಳದೆ ಅಟ್ಟದ ಮೇಲಿಟ್ಟವರೇ ಹೆಚ್ಚು ಎಂಬುದು ಬೇರೆ ಮಾತು. ಹಳೆಯ ಲಸಿಕೆ 1990ರಿಂದ ಬಳಕೆಯಲ್ಲಿತ್ತು. 2005ರಿಂದ 2010ರವರೆಗಿನ ಲೆಕ್ಕ ನೋಡಿದವರಿಗೆ ಎರಡು ಡೋಸಿನ ರಕ್ಷಣೆ ಶೇ 62ರಷ್ಟು, ಬೂಸ್ಟರ್ ಪಡೆದರೆ ಶೇ 83ರಷ್ಟು ಎಂದು ಕಂಡಿತು. ವರ್ಷವರ್ಷ ಬೂಸ್ಟರ್ ಬೇಕಿತ್ತು, ಚುಚ್ಚಿದ ಜಾಗ ನೋಯುತ್ತಿತ್ತು, ಜನ ಎರಡನೆಯ ಡೋಸಿಗೇ ಬರುತ್ತಿರಲಿಲ್ಲ. ಆ ಲಸಿಕೆಯೂ 2022ರಿಂದ ನಿಂತಿದೆ. ಹೊಸದನ್ನು ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಸಿದ್ಧಪಡಿಸುತ್ತಿವೆ. ರೋಗಕ್ಕೆಂದೇ ಔಷಧಿಯಿಲ್ಲ. ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ.

ಹೀಗಿರುವಾಗ ಉಣುಗಿನ ಮೂರು ಊಟಗಳಲ್ಲಿ ನಮ್ಮ ಕೈಗೆ ಸುಲಭವಾಗಿ ಸಿಗುವುದು ಯಾವುದು ಎಂದು ಯೋಚಿಸಿ. ಇಲಿಯ ಮೇಲಿನ ಮರಿ ಸಿಗುವುದಿಲ್ಲ. ಎಲೆಯ ತುದಿಯ ಎಳೆಯದು ಕಣ್ಣಿಗೇ ಬೀಳುವುದಿಲ್ಲ. ಕಾಟಿಯನ್ನು ಹಿಡಿದು ಔಷಧಿ ಹಚ್ಚುವವರಿಲ್ಲ. ದನ ಮಾತ್ರ ಸಂಜೆ ತಾನಾಗಿಯೇ ಕೊಟ್ಟಿಗೆಗೆ ಬರುತ್ತದೆ, ಮೈಮೇಲೆ ಮುಂದಿನ ವರ್ಷದ ಸಾವಿರಾರು ಮೊಟ್ಟೆಗಳ ತಾಯಂದಿರನ್ನು ಹೊತ್ತುಕೊಂಡು. ದನಗಳಿಗೆ ಉಣುಗು ನಿವಾರಕ ಹಚ್ಚಿ ಎಂಬ ಸಲಹೆ ಇಲಾಖೆಯ ಮಾರ್ಗಸೂಚಿಯಲ್ಲೇ ಇದೆ. ಆದರೆ ಅದು ಬೇಸಿಗೆಯ ಗದ್ದಲದಲ್ಲಿ ಒಂದು ಸಾಲಾಗಿ ಬರುತ್ತದೆ. ನನ್ನ ಮಾತು ಇಷ್ಟೇ: ಕಾಡು ಮೇಯುವ ದನಕ್ಕೆ ಅದನ್ನು ಜೂನಿನಿಂದ ಸೆಪ್ಟೆಂಬರಿನವರೆಗೆ, ಬಿಡದೆ ಮಾಡಬೇಕು. ಹೊಯ್ಯುವ ಮಳೆಯಲ್ಲಿ ಮೈಗೆ ಹಚ್ಚಿದ್ದು ತೊಳೆದು ಹೋಗುತ್ತದೆ ಎನ್ನುವುದು ನ್ಯಾಯವಾದ ತೊಂದರೆಯೇ. ಅದಕ್ಕೆ ಪಶುವೈದ್ಯರನ್ನು ಕೇಳಿ ಚುಚ್ಚುಮದ್ದಿನ ರೂಪದ್ದನ್ನು ಕೊಡಿಸಬಹುದು. ಹಾಲು ಕರೆಯುವ ಹಸುವಾದರೆ ಎಷ್ಟು ದಿನ ಹಾಲು ಬಳಸಬಾರದು ಎಂಬುದನ್ನೂ ಅವರೇ ಹೇಳುತ್ತಾರೆ. ಎಲ್ಲರ ಮನೆಯ ದನಕ್ಕೂ ಆಗದಿದ್ದರೆ ಒಬ್ಬರು ಮಾ‌ಡಿ ಪ್ರಯೋಜನ ಕಡಿಮೆ, ಬೆಟ್ಟ ಎಲ್ಲರದ್ದು. ಇದನ್ನು ಊರಿಗೆ ಊರೇ ಮಾಡಿಸಬೇಕಾದದ್ದು ಪಂಚಾಯಿತಿ ಮತ್ತು ಪಶುಸಂಗೋಪನಾ ಇಲಾಖೆ. ಮಂಗನ ಕಾಯಿಲೆ ಆರೋಗ್ಯ ಇಲಾಖೆಯ ತಲೆನೋವು ಎಂದು ಮಿಕ್ಕವರು ತಿಳಿದಿರುವವರೆಗೆ ಮಳೆಗಾಲದ ಈ ಕೆಲಸಕ್ಕೆ ವಾರಸುದಾರರಿಲ್ಲ.

ಇನ್ನು ಬೇಸಿಗೆಯ ಎರಡು ಮಾತು. ಬೆಟ್ಟದಿಂದ ಬಂದವರು ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೈ ತಿಕ್ಕಿ ಸ್ನಾನ ಮಾಡಿ, ಕಂಕುಳು, ತೊಡೆಸಂದಿ, ಮಂಡಿಯ ಹಿಂಭಾಗ ನೋಡಿಕೊಳ್ಳಬೇಕು. ಕಚ್ಚಿಕೊಂಡದ್ದಕ್ಕೆ ಬೆಂಕಿ ತಾಗಿಸುವುದು, ಸುಣ್ಣ, ಸೀಮೆಎಣ್ಣೆ ಹಚ್ಚುವುದು ಬೇಡ; ಚಿಮುಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆದರೆ ಬರುತ್ತದೆ. ಬರಿಗೈಯಲ್ಲಿ ಹಿಸುಕಬೇಡಿ. ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆ ಸಿಡಿತ, ಸೊಂಟ ಮತ್ತು ಮೀನಖಂಡ ಹಿಂಡಿದಂಥ ನೋವು ಬಂದರೆ, ಬೆಟ್ಟಕ್ಕೆ ಹೋಗಿದ್ದೆ ಎಂಬುದನ್ನು ಡಾಕ್ಟರಿಗೆ ಮೊದಲ ವಾಕ್ಯದಲ್ಲೇ ಹೇಳಿ. ಮಾತ್ರೆ ಅಂಗಡಿಯಲ್ಲಿ ಆಸ್ಪಿರಿನ್ ತೆಗೆದುಕೊಂಡು ನುಂಗಬೇಡಿ, ರಕ್ತಸ್ರಾವಕ್ಕೆ ಅದು ದಾರಿ. ಜ್ವರ ಬಿಟ್ಟು ವಾರ ಕಳೆದ ಮೇಲೆ ಕೆಲವರಿಗೆ ಮತ್ತೆ ಬಂದು ತಲೆಗೇರುತ್ತದೆ. ಹಾಗಾಗಿ ಒಂದು ಸಲ ಇಳಿದ ಕೂಡಲೇ ಸೌದೆಗೆ ಹೊರಡುವುದು ಸರಿಯಲ್ಲ. ಮನೆಯವರಿಗೆ ರೋಗಿಯಿಂದ ಅಂಟುವುದಿಲ್ಲ, ಆರೈಕೆ ಮಾಡುವುದಕ್ಕೆ ಹೆದರಬೇಕಾಗಿಲ್ಲ.

ಬೆಂಗಳೂರಿನಿಂದ ಒಬ್ಬರು, ಕುದುರೆಮುಖದ ಕಡೆ ಚಾರಣಕ್ಕೆ ಬರಬಹುದೇ, ಉಣುಗಿನ ಭಯವಿದೆಯೇ ಎಂದು ಕೇಳಿದ್ದರು. ಮಳೆಗಾಲದಲ್ಲಿ ಬಂದರೆ ನಿಮ್ಮ ರಕ್ತ ಕುಡಿಯುವುದು ಇಂಬಳ. ಅದು ಈ ರೋಗ ತರುವುದಿಲ್ಲ. ಜನವರಿಯ ಮೇಲೆ ಬರುವುದಾದರೆ ಇಲಾಖೆ ತೋರಿಸಿದ ದಾರಿ ಬಿಟ್ಟು ಇಳಿಯಬೇಡಿ, ತರಗೆಲೆಯ ಮೇಲೆ ಕುಳಿತು ಬುತ್ತಿ ಬಿಚ್ಚಬೇಡಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಿ ಫೋಟೊ ತೆಗೆಯಬೇಡಿ. ಜಾಗದ ಗುರುತು ಹಿಡಿದು ಹತ್ತಿರದ ಅರಣ್ಯ ಇಲಾಖೆಯ ಗೇಟಿನಲ್ಲಿ ತಿಳಿಸಿ.